ಅಣ್ಣನ ಮಾತಿಗೆ ತಂಗಿಯ ಬಾಯಿ

ಶಿಬಿರ ಶುರುವಾಗುವ ದಿನ ಬೆಳಿಗ್ಗೆ, ಪಿಯಾನೊ ಇಳಿಸಲು ಬಂದ ಹಮಾಲಿಗಳ ಮೇಲೆ ಕೂಗಾಡಿ ಕೂಗಾಡಿ ಮೇಷ್ಟ್ರು ದನಿ ಕಳೆದುಕೊಂಡರು. ಹಮಾಲಿಗಳು ಅದನ್ನು ಮಂಚದ ಹಾಗೆ ಅಡ್ಡ ಮಲಗಿಸಿ ಬಾಗಿಲಲ್ಲಿ ತೂರಿಸಲು ಹೊರಟಿದ್ದರು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಅವರ ಬುದ್ಧಿ, ಕಣ್ಣು, ಕೈಕಾಲು ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿಕೊಳ್ಳುತ್ತಾ ಬಂದವರು, ಇನ್ನೇನು ಅವರ ಮನೆತನಕ್ಕೆ ಕೈಹಾಕಬೇಕು ಎನ್ನುವಷ್ಟರಲ್ಲಿ ಸದ್ದು ನಿಂತಿತು. ಬಾಯಿ ತೆರೆದಿತ್ತು, ಕೈ ಎತ್ತಿತ್ತು, ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಇಲ್ಲ. ಉಳಿದದ್ದನ್ನು ಕೇಳಿಸಿಕೊಳ್ಳಲು ಹಮಾಲಿಗಳು ಮರ್ಯಾದೆಯಿಂದ ಸ್ವಲ್ಪ ಹೊತ್ತು ಕಾದರು. ಬರುವ ಲಕ್ಷಣ ಕಾಣದಿದ್ದಾಗ ಪಿಯಾನೊವನ್ನು ತಮಗೆ ತೋಚಿದಂತೆ ಒಳಗಿಟ್ಟು ಹೊರಟುಹೋದರು.

ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮಾತು ಪೂರ್ತಿ ಬಂದ್ ಎಂದರು. ಪಿಸುಗುಟ್ಟುವುದಂತೂ ಕೂಗುವುದಕ್ಕಿಂತ ಕೆಟ್ಟದ್ದಂತೆ. ದನಿ ತಾನಾಗಿ ಬರಬೇಕು, ಅಲ್ಲಿಯವರೆಗೆ ಮೌನ.

ಈ ಸುದ್ದಿ ಕೇಳಿ ಮೇಷ್ಟ್ರ ತಂಗಿ ಗಾಬರಿಯಾದಳು. ಸಂಜೆಗೆ ಶಿಬಿರಾರ್ಥಿಗಳು ಬರುತ್ತಾರೆ, ವಾರದ ಕೊನೆಗೆ ಹಾಡಿನ ಕಛೇರಿ, ಕಲಿಸುವವನಿಗೇ ದನಿಯಿಲ್ಲ. ಆದರೆ ಗಾಬರಿಯ ತಳದಲ್ಲಿ ಎಲ್ಲೋ ಒಂದಿಷ್ಟು ಸಂತೋಷ, ಕುಡಿದಿಟ್ಟ ಲೋಟದ ಅಡಿಯಲ್ಲಿ ಸಕ್ಕರೆ ಉಳಿದ ಹಾಗೆ, ಉಳಿದಿತ್ತು. ಒಡಹುಟ್ಟಿದವನಿಗೆ ಹೀಗಾಗಿರುವಾಗ ಇದೇನು ಬುದ್ಧಿ ನನ್ನದು ಎಂದು ತನ್ನನ್ನೇ ಬೈದುಕೊಂಡಳು. ಸಂತೋಷ ಮಾತ್ರ ಹೋಗಲಿಲ್ಲ.

ಅದಕ್ಕೆ ಕಾರಣವಿತ್ತು. ಪ್ರತಿವರ್ಷ ಶಾಲೆಗೆ ರಜೆ ಬಿಟ್ಟಾಗ, ಮಕ್ಕಳ ಹಾಸ್ಟೆಲು ಖಾಲಿಯಾದ ಮೇಲೆ, ಅಣ್ಣತಂಗಿ ಅಲ್ಲಿ ಒಂದು ವಾರದ ವೃಂದಗಾನ ಶಿಬಿರ ನಡೆಸುತ್ತಿದ್ದರು. ದೊಡ್ಡವರು ಬಂದು, ಅಲ್ಲೇ ಉಂಡು, ಅಲ್ಲೇ ಮಲಗಿ, ನಾಲ್ಕು ದನಿಗಳಲ್ಲಿ ಹಾಡುವುದನ್ನು ಕಲಿತು ಹೋಗುವ ಶಿಬಿರ. ಹಾಡಿನ ಪಾಲು ಮೇಷ್ಟ್ರದ್ದು. ಹಾಡಲ್ಲದ ಪಾಲೆಲ್ಲ ತಂಗಿಯದು: ಹಾಸಿಗೆ, ದಿಂಬು, ಬಿಸಿನೀರು, ಗೊರಕೆ ಹೊಡೆಯುವವರನ್ನು ಗೊರಕೆ ಹೊಡೆಯುವವರ ಜೊತೆಗೇ ಹಾಕುವುದು, ಚಿಕ್ಕಮಕ್ಕಳ ಅಳತೆಯ ಮಂಚದಲ್ಲಿ ಕಾಲು ಹೊರಗೆ ಚಾಚಿ ಮಲಗಿದವರಿಗೆ ಕಾಲಿನಡಿ ಸ್ಟೂಲು ಇಡುವುದು. ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಕೀಲಿಕೈ ಅಕ್ಕ ಎನ್ನುತ್ತಿದ್ದರು. ಪಿಯಾನೊ ನುಡಿಸುವವನು ಅವಳ ಗಂಡ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಂಬಿ ಹುಟ್ಟಿದಂದಿನಿಂದ ಬಂಗಾರವನ್ನೇ ಕೂಡಿಟ್ಟ ಮನುಷ್ಯ.

ಮೇಷ್ಟ್ರನ್ನು ಮೇಷ್ಟ್ರು ಎಂದೇ ಕರೆಯಬೇಕಿತ್ತು. ವೃಂದಗಾನ ನಡೆಸುವವರನ್ನು ಇಂಗ್ಲಿಷಿನಲ್ಲಿ ಕರೆಯುವಂತೆ ಕಂಡಕ್ಟರ್ ಎಂದರೆ ಅವರಿಗೆ ಆಗದು. ಒಮ್ಮೆ ಯಾವುದೋ ಮದುವೆಯಲ್ಲಿ ಹಾಗೆ ಪರಿಚಯ ಮಾಡಿಸಿದಾಗ ಪಕ್ಕದಲ್ಲಿ ಊಟಕ್ಕೆ ಕೂತವರು ಯಾವ ರೂಟು ಸ್ವಾಮಿ ಎಂದು ಕೇಳಿದ್ದರು. ಅವರ ಕಿವಿ ದೇವರು ಕೊಟ್ಟದ್ದು, ಗುಂಪಿನಲ್ಲಿ ಒಬ್ಬರು ಕೂದಲೆಳೆಯಷ್ಟು ಜಾರಿದರೂ ಅವರತ್ತ ತಿರುಗುತ್ತಿದ್ದರು. ನಾಲಗೆ ಮಾತ್ರ ಯಾರೋ ಸಾಣೆ ಹಿಡಿದು ಕೊಟ್ಟದ್ದು. ಹಿಂದಿನ ವರ್ಷ ಟೆನರ್ ಹಾಡಲು ಬಂದಿದ್ದ ಒಬ್ಬ ದರ್ಜಿಗೆ, ಈ ದನಿಗೆ ಅಳತೆ ತಗೊಂಡೋರು ಯಾರು, ಎಲ್ಲಾ ಕಡೆ ಜೋಲಾಡ್ತಿದೆ ಎಂದುಬಿಟ್ಟರು. ದರ್ಜಿ ಮಧ್ಯಾಹ್ನದ ಊಟಕ್ಕೂ ಕೂರದೆ ಹೊರಟುಹೋದ. ಒಣಹಾಕಿದ್ದ ಟವೆಲ್ಲನ್ನೂ ತೆಗೆದುಕೊಳ್ಳಲಿಲ್ಲ. ಹುಲಿಯ ಹಾಲಾದರೂ ಸಿಕ್ಕೀತು, ಗಂಡಸರಲ್ಲಿ ಎತ್ತರಕ್ಕೆ ಹಾಡುವ ಟೆನರ್ ಸಿಗುವುದು ಕಷ್ಟ. ಈ ವರ್ಷ ಬೇಡಿ ಕಾಡಿ ಹಿಡಿದು ತಂದದ್ದು ಮೂವರನ್ನು, ಅವರಲ್ಲಿ ಮುಖ್ಯನಾದವನು ಒಬ್ಬ ಅಂಚೆಯವನು. ಬರುವ ಮುಂಚೆಯೇ ಅವನು, ಅಕ್ಕಾ, ಅವರು ಬೈತಾರಂತಲ್ಲ ಎಂದು ಎರಡೆರಡು ಸಲ ಕೇಳಿದ್ದ.

ಹೀಗಿರುವಾಗ ಅಣ್ಣನ ಬಾಯಿ ಮುಚ್ಚಿತು. ಬದಲಿಗೆ ಯಾರನ್ನು ಕರೆಸುವುದು ಎಂದು ಗಂಡಹೆಂಡತಿ ಯೋಚಿಸುತ್ತಿದ್ದಾಗ, ಮೇಷ್ಟ್ರು ಮೂಲೆಯ ಬೆಂಚಿನಿಂದ ಕೈ ಆಡಿಸಿದರು. ಎರಡು ಬೆರಳು ತುಟಿಗೆ, ಆಮೇಲೆ ಅದೇ ಬೆರಳು ತಂಗಿಯ ಕಡೆಗೆ. ತಂಗಿಗೆ ತಕ್ಷಣ ಅರ್ಥವಾಯಿತು.

ಅವರ ಅಪ್ಪ ಪತ್ರಿಕೆಯ ಅಚ್ಚುಕೂಟದಲ್ಲಿ ರಾತ್ರಿಪಾಳಿ ಮಾಡುತ್ತಿದ್ದವರು, ಹಗಲೆಲ್ಲ ಮನೆಯಲ್ಲಿ ನಿದ್ದೆ. ಇದ್ದದ್ದು ಒಂದು ಕೋಣೆ, ಒಂದು ಅಡಿಗೆಮನೆ. ಮಕ್ಕಳಿಬ್ಬರೂ ಜಗಳ, ಚಾಡಿ, ಚೌಕಾಸಿ, ಅಣಕ ಎಲ್ಲವನ್ನೂ ಕೈಸನ್ನೆ ಹುಬ್ಬುಸನ್ನೆಯಲ್ಲೇ ಮಾಡಿ ಬೆಳೆದವರು. ಮೂಗಿನ ತುದಿ ಮುಟ್ಟಿದರೆ ಹೆಡ್ಡ. ಗಲ್ಲ ಉಬ್ಬಿಸಿದರೆ ಚಿಕ್ಕಪ್ಪ ಬಂದರು. ಆ ಭಾಷೆ ಲೋಕದಲ್ಲಿ ಬಲ್ಲವರು ಇವರಿಬ್ಬರೇ. ಮೇಷ್ಟ್ರು ಸನ್ನೆ ಮಾಡುವುದು, ತಂಗಿ ಅದನ್ನು ಬಾಯಲ್ಲಿ ಹೇಳುವುದು ಎಂದು ತೀರ್ಮಾನವಾಯಿತು.

ಮೊದಲ ಅಭ್ಯಾಸ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ. ಗೋಡೆಯ ತುಂಬ ಮಕ್ಕಳು ಬಿಡಿಸಿದ ಮನೆ, ಸೂರ್ಯ, ಐದು ಕಾಲಿನ ನಾಯಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ದಂತವೈದ್ಯೆ. ದಿನವಿಡೀ ಬೇರೆಯವರಿಗೆ ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ ತೆಗೀರಿ ಎನ್ನುವವರಿಗೆ ಇಲ್ಲಿ ತಮ್ಮ ಬಾಯನ್ನೇ ತೆಗೆಯಲಾಗುತ್ತಿರಲಿಲ್ಲ, ಕೈಯಲ್ಲಿದ್ದ ಹಾಡಿನ ಹಾಳೆಯಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು. ಹಿಂದಿನ ಸಾಲಿನ ತಗ್ಗುದನಿಯವರ ನಡುವೆ ನಿವೃತ್ತರಾದ ಒಬ್ಬ ರೈಲು ಡ್ರೈವರು, ಬಾಗಿಲಷ್ಟು ಅಗಲದ ಮನುಷ್ಯ.

ಮೇಷ್ಟ್ರು ಕೈ ಎತ್ತಿದರು, ಎಲ್ಲರೂ ಹಾಡಿದರು. ಮೇಷ್ಟ್ರ ಮುಖ ಕಷಾಯ ಕುಡಿದ ಹಾಗಾಯಿತು. ತಂಗಿಯತ್ತ ತಿರುಗಿ ಸನ್ನೆ ಮಾಡಿದರು: ಬಾಗಿಲು, ತುಕ್ಕು, ಮಳೆ, ಕೊನೆಗೆ ಮೂಗಿನ ತುದಿ. ಇವರ ಗಂಟಲು ಮಳೆಗೆ ತುಕ್ಕು ಹಿಡಿದ ಬಾಗಿಲು, ಹೆಡ್ಡರು ಹೆಡ್ಡರು.

ತಂಗಿ ಅದನ್ನು ಹಾಗೆಯೇ ಹೇಳಬೇಕೆಂದೇ ಬಾಯಿ ತೆರೆದಳು. ದಂತವೈದ್ಯೆಯ ಕೈಯ ಹಾಳೆ ಕಣ್ಣಿಗೆ ಬಿತ್ತು. ಆಗಲೇ ಚೀಲದ ಪಟ್ಟಿ ಹಿಡಿದುಕೊಂಡಿದ್ದ ಅಂಚೆಯವನು ಕಣ್ಣಿಗೆ ಬಿದ್ದ.

“ಮೇಷ್ಟ್ರು ಹೇಳ್ತಿದಾರೆ,” ಎಂದಳು, “ದೂರದಿಂದ ಬಂದು ದಣಿದಿದೀರಿ. ಗಂಟಲು ಅನ್ನೋದು ಬಾಗಿಲಿದ್ದ ಹಾಗೆ. ತಳ್ಳಬೇಡಿ, ಮೆತ್ತಗೆ ತೆಗೀರಿ, ತಾನೇ ತೆರ್ಕೊಳುತ್ತೆ.”

ಮೇಷ್ಟ್ರ ಕಣ್ಣು ಅಗಲವಾದವು. ಹೋದದ್ದು ದನಿಯೇ ಹೊರತು ಕಿವಿಯಲ್ಲವಲ್ಲ. ಅಂಗೈಗೆ ಮುಷ್ಟಿಯಿಂದ ಗುದ್ದಿ, ನಾನು ಹೇಳಿದ್ದು ಅದಲ್ಲ ಎಂದು ತೋರಿಸಿದರು.

“ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ ಅಂತಿದಾರೆ,” ಎಂದಳು ತಂಗಿ.

ಅವರು ಒಟ್ಟಿಗೆ, ಗಟ್ಟಿಯಾಗಿ ಹಾಡಿದರು. ಮೊದಲಿಗಿಂತ ಚೆನ್ನಾಗಿತ್ತು. ಮೇಷ್ಟ್ರಿಗೆ ಇನ್ನೂ ಸಿಟ್ಟು ಬಂತು.

ಅಭ್ಯಾಸ ಮುಗಿದ ಮೇಲೆ ಓಣಿಯಲ್ಲಿ ಕೈಕಾಲೆಲ್ಲ ಆಡಿಸಿ ಜಗಳವಾಯಿತು. ದೂರದಿಂದ ನೋಡಿದವರಿಗೆ ಮೇಷ್ಟ್ರು ಜೇನುನೊಣ ಓಡಿಸುತ್ತಿದ್ದಾರೆ ಅನ್ನಿಸಬೇಕು. ನನ್ನ ಬಾಯಿಗೆ ನೀನು ಯಾರು ಸಕ್ಕರೆ ಹಾಕೋಕೆ ಎನ್ನುವುದು ಅವರ ಸನ್ನೆಯ ತಾತ್ಪರ್ಯ. ತಂಗಿ ಟವೆಲ್ಲುಗಳ ರಾಶಿ ಹೊತ್ತುಕೊಂಡೇ ಕೇಳಿಸಿಕೊಂಡಳು.

“ಅಣ್ಣಾ, ತಿದ್ದೋ ಮಾತೆಲ್ಲ ಹೇಳ್ತೀನಿ. ಹೊಟ್ಟು ತೂರಿ ಕಾಳು ಕೊಡ್ತೀನಿ. ಹೊಟ್ಟೂ ಬೇಕೇ ಬೇಕು ಅಂದ್ರೆ ಬೇರೆ ಬಾಯಿ ಹುಡ್ಕೊ.”

ಮೇಷ್ಟ್ರು ಹುಡುಕಿಯೇಬಿಟ್ಟರು. ಮರುದಿನ ಬೆಳಿಗ್ಗೆ ತಂಗಿಯ ಗಂಡನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. ಮೂವತ್ತು ವರ್ಷ ಸಂಸಾರ ಮಾಡಿದರೂ ಆ ಮನೆಯ ಸನ್ನೆ ಅವನಿಗೆ ಒಂದೂ ಬಾರದು. ತಗ್ಗುದನಿಯವರು ಒಂದು ಕಡೆ ಹಿಂದೆ ಬಿದ್ದಾಗ ಮೇಷ್ಟ್ರು ಕೈಯನ್ನು ಬಾಯಿಯ ಹತ್ತಿರ ತಂದು ತಿರುವಿ ಕೆಳಗೆ ಎಸೆದರು. ಗಂಡ ಬಹಳ ಹೊತ್ತು ಯೋಚಿಸಿ ಎದ್ದು ಹೊರಗೆ ಹೋದ. ಬಂದಾಗ ಕೈಯಲ್ಲಿ ಚಹಾ ಇತ್ತು. “ಸಕ್ಕರೆ ಕಮ್ಮಿ ಹಾಕಿದೀನಿ ಭಾವ,” ಎಂದು ಮೇಷ್ಟ್ರ ಕೈಗಿಟ್ಟು ಪಿಯಾನೊದ ಮುಂದೆ ಕೂತ. ಎಲ್ಲರೂ ನೋಡುತ್ತಿದ್ದರು, ಮೇಷ್ಟ್ರು ಕುಡಿಯಬೇಕಾಯಿತು.

ಚಹಾ ಮುಗಿಸಿದವರೇ ಸೀಮೆಸುಣ್ಣ ಕೈಗೆತ್ತಿಕೊಂಡರು. ಬೋರ್ಡಿನ ಮೇಲೆ, ತಗ್ಗುದನಿಯವರ ಕಡೆಗೆ ಬಾಣದ ಗುರುತು ಎಳೆದು, ಕತ್ತೆಗಳು ಎಂದು ಬರೆದರು. ಅವರ ಅಕ್ಷರ ಮೊದಲೇ ಕೋಳಿಕಾಲು, ಸಿಟ್ಟಿನಲ್ಲಿ ಬರೆದದ್ದಂತೂ ಆ ಕೋಳಿಯನ್ನು ನಾಯಿ ಅಟ್ಟಿಸಿಕೊಂಡು ಹೋದ ಹಾಗಿತ್ತು. ರೈಲು ಡ್ರೈವರು ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ, ಪಕ್ಕದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು: “ಕತ್ತಲು. ನಾವು ಕತ್ತಲಿನ ಹಾಗೆ ಹಾಡ್ಬೇಕಂತೆ.”

ಹಿಂದಿನ ಸಾಲು ತಲೆದೂಗಿತು. ಬಾಯೊಳಗೆ ಜಾಗ ಮಾಡಿಕೊಂಡು, ದನಿಯನ್ನು ಎದೆಗಿಳಿಸಿ, ಬಾವಿಯ ಆಳದಿಂದ ಬಂದ ಹಾಗೆ ಹಾಡಿದರು. ಕಿಟಕಿಯ ಗಾಜು ಸಣ್ಣಗೆ ಗುಂಯ್ ಎಂದಿತು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತುಬಿಟ್ಟರು. ಇಷ್ಟು ವರ್ಷ ಬೈದು ಬೈದು ಆ ಬಣ್ಣ ಬರಿಸಲು ಆಗಿರಲಿಲ್ಲ. ಆಮೇಲೆ ಮೆಲ್ಲಗೆ ಬೋರ್ಡು ಒರೆಸಿ, ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ, ತಂಗಿಯನ್ನು ಕಣ್ಣಿನಲ್ಲೇ ಕರೆದರು.

ಅಲ್ಲಿಂದ ಮುಂದೆ ಶಿಬಿರಕ್ಕೆ ಒಂದು ಕಳೆ ಬಂತು. ಮೇಷ್ಟ್ರು ಸನ್ನೆಯಲ್ಲಿ ಬೈಯುವುದನ್ನು ಬಿಡಲಿಲ್ಲ, ತಂಗಿ ಸೋಸುವುದನ್ನು ಬಿಡಲಿಲ್ಲ. ಎತ್ತರದ ದನಿಯ ಹೆಂಗಸರನ್ನು ಅವರು ಕುದಿಯುವ ಕೆಟಲುಗಳು ಎಂದಾಗ, ಉಸಿರನ್ನು ಒಟ್ಟಿಗೇ ಬಿಟ್ಟುಬಿಡಬೇಡಿ, ಸ್ವಲ್ಪ ಸ್ವಲ್ಪ ಬಿಡಿ ಎಂದು ಅವಳು ಹೇಳಿದಳು. ಹೆಂಗಸರ ತಗ್ಗಿನ ದನಿ, ಆಲ್ಟೊ, ಹಾಡುವ ಒಬ್ಬ ಅಜ್ಜಿಗೆ, ಈಕೆ ಹಾಡುವುದು ಪಕ್ಕದ ಊರಿನ ಹಾಡು ಎಂದಾಗ, ಅಮ್ಮಾ ಪಕ್ಕದವರ ದನಿಗೆ ಒಂಚೂರು ಕಿವಿ ಕೊಡಿ ಎಂದಳು. ಊಟದ ಮನೆಯಲ್ಲಿ ಸೂಪು ಬಡಿಸುವಾಗ ಜನ ಹಾಡು ಗುನುಗುತ್ತಿದ್ದರು. ಸ್ನಾನದ ಸಾಲಿನಲ್ಲಿ ಬಿಸಿನೀರಿಗೆ ಜಗಳವಾಗುವ ಬದಲು ನಾಲ್ಕು ದನಿಯ ಅಭ್ಯಾಸ ನಡೆಯುತ್ತಿತ್ತು. ಅಂಚೆಯವನು ಚೀಲವನ್ನು ಮಂಚದ ಕೆಳಗೆ ತಳ್ಳಿ ಮರೆತ. ಮೇಷ್ಟ್ರು ಎದುರಾದರೆ ಜನ ನಿಂತು ನಗುತ್ತಿದ್ದರು, ಇಷ್ಟು ಒಳ್ಳೆಯವರು ಅಂತ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಮೇಷ್ಟ್ರು ಉತ್ತರ ಕೊಡಲಾಗದೆ ಹಲ್ಲು ಕಚ್ಚುತ್ತಿದ್ದರು, ಅದು ಅವರಿಗೆ ಮುಗುಳ್ನಗೆಯ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ, ಕೊನೆಯ ಹಾಡಿನಲ್ಲಿ ಒಬ್ಬರೇ ಹಾಡುವ ಒಂದು ಸಾಲು ಬಂತು. ಹಾಡಬೇಕಾದವರು ನೆಗಡಿಯಾಗಿ ಮಲಗಿದ್ದರು. ಯಾರೂ ಮುಂದೆ ಬಾರದಿದ್ದಾಗ ದಂತವೈದ್ಯೆ, ಬರೀ ಸಾಲು ತುಂಬಿಸುವುದಕ್ಕೆ ಎಂದು ಕ್ಷಮೆ ಕೇಳಿಕೊಂಡೇ ಹಾಡಿದರು. ಸಣ್ಣ ದನಿ, ಆದರೆ ನೇರವಾಗಿ ಬಂತು. ಮೇಷ್ಟ್ರ ಕೈ ನಿಂತಿತು. ತಂಗಿಯ ಕಡೆ ತಿರುಗಿ ನಿಧಾನವಾಗಿ ಸನ್ನೆ ಮಾಡಿದರು. ತಂಗಿ ಒಮ್ಮೆ ಅವರ ಮುಖ ನೋಡಿ, ಆಮೇಲೆ ಹೇಳಿದಳು: “ಇಷ್ಟು ದಿನ ಈ ದನೀನ ಎಲ್ಲಿ ಬಚ್ಚಿಟ್ಟಿದ್ರಿ ಅಂತ ಕೇಳ್ತಿದಾರೆ.” ದಂತವೈದ್ಯೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಎಲ್ಲ ಸರಿಯಿತ್ತು, ಟೆನರ್‌ಗಳ ವಿಷಯ ಒಂದು ಬಿಟ್ಟು. ಅದೇ ಕೊನೆಯ ಹಾಡಿನಲ್ಲಿ ಅವರದೊಂದು ಸಾಲು ಬಂದಾಗಲೆಲ್ಲ ಮೇಷ್ಟ್ರು ಬೆರಳನ್ನು ಕೆಳಕ್ಕೆ ತೋರಿಸಿ ತೋರಿಸಿ ಕುಟ್ಟುತ್ತಿದ್ದರು. ಅಪ್ಪ ಮಲಗಿದ್ದ ಮನೆಯಲ್ಲಿ ಆ ಸನ್ನೆಗೆ ಇದ್ದದ್ದು ಒಂದೇ ಅರ್ಥ, ಸದ್ದು ಕಡಿಮೆ ಮಾಡು. ಮೂವರೂ ಇದ್ದಕ್ಕಿದ್ದ ಹಾಗೆ ಓಡಿಹೋದರೆ ಎಂಬ ಭಯ ಬೇರೆ. ತಂಗಿ ಪ್ರತಿಸಲ, ಟೆನರ್ ಬಹಳ ಸೊಗಸಾಗಿದೆ, ಇನ್ನೊಂಚೂರು ಮೆತ್ತಗೆ ಅಂತಿದಾರೆ ಎನ್ನುತ್ತಿದ್ದಳು. ಒಂದು ಸಲ ಮೇಷ್ಟ್ರು ರೇಗಿ ಪಿಯಾನೊದ ಹತ್ತಿರ ಹೋಗಿ ಒಂದು ಕರಿ ಮನೆಯನ್ನು ಬೆರಳಿಂದ ಕುಟ್ಟಿದರು. ಹಮಾಲಿಗಳು ಇಳಿಸಿದ ದಿನವೇ ಅದು ಸತ್ತಿತ್ತು. ಬೆರಳಿಟ್ಟರೆ ಟಕ್ ಎನ್ನುವುದೇ ಹೊರತು ಸ್ವರವಿಲ್ಲ. ಬೇರೆ ಮನೆ ಹುಡುಕುವ ತಾಳ್ಮೆ ಆ ಸಿಟ್ಟಿನಲ್ಲಿ ಇರಲಿಲ್ಲ, ಕತ್ತೆ ಕತ್ತಲಾದ ಮೇಲೆ ಬರೆದು ತೋರಿಸುವ ನಂಬಿಕೆಯೂ ಉಳಿದಿರಲಿಲ್ಲ. ಟಕ್ ಟಕ್ ಟಕ್. ತಾಳ ಕೊಡುತ್ತಿದ್ದಾರೆ ಎಂದುಕೊಂಡು ಮೂವರೂ ಪಾದ ಕುಟ್ಟಿದರು.

ಕಛೇರಿಗೆ ಒಂದೇ ದಿನ ಉಳಿದಿದ್ದಾಗ ಮೇಷ್ಟ್ರ ದನಿ ಬಂತು. ಬೆಳಿಗ್ಗೆ ಮಕ್ಕಳ ಎತ್ತರದ ವಾಷ್‌ಬೇಸಿನ್ನಿಗೆ ಬಗ್ಗಿ ಮುಖ ತೊಳೆಯುವಾಗ ಹಣೆ ನಲ್ಲಿಗೆ ತಾಗಿ, ಬಾಯಿಂದ ತಾನಾಗಿ ಒಂದು ಮಾತು ಹೊರಟಿತಂತೆ. ಯಾವ ಮಾತು ಎಂದು ಅವರು ಹೇಳಲಿಲ್ಲ. ಯಾರಿಗೂ ತಿಳಿಸದೆ ಅಭ್ಯಾಸಕ್ಕೆ ಬಂದರು. ಹಾಡು ಶುರುವಾಯಿತು, ಟೆನರ್‌ಗಳ ಸಾಲು ಬಂತು, ಮೇಷ್ಟ್ರು ಕೈ ಬೀಸಿ ನಿಲ್ಲಿಸಿ, ವಾರವೆಲ್ಲ ಕೂಡಿಟ್ಟದ್ದನ್ನು ಬಿಚ್ಚಿದರು. ದನಿ ಹರಕು ತಮಟೆಯ ಹಾಗಿತ್ತು.

“ಅಲ್ರಯ್ಯಾ, ಮೂರು ಜನ ಸೇರಿ ಒಂದು ಸ್ವರ ಹಿಡಿಯೋಕಾಗಲ್ವಾ? ಮೂರು ಕುರುಡರು ಒಂದು ಬೆಕ್ಕನ್ನ ಚೀಲಕ್ಕೆ ತುಂಬಿಸ್ತಿದ್ದ ಹಾಗಿದೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಂಚೆಯವನೇ ಮೊದಲು ನಕ್ಕ. ಅವನ ಹಿಂದೆ ಇಡೀ ಕೋಣೆ ನಕ್ಕಿತು. ಮೇಷ್ಟ್ರಿಗೆ ದನಿ ಬಂತಲ್ಲ ಎಂದು ಕೆಲವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೆಂಪಾಗಿ, ನಗಬೇಡಿ, ನಾನು ಬೈತಿದೀನಿ ಎಂದರು. ಅದಕ್ಕೆ ಇನ್ನೂ ನಕ್ಕರು. ರೈಲು ಡ್ರೈವರು ಕಣ್ಣೊರೆಸಿಕೊಂಡು, ಎಷ್ಟು ಚೆನ್ನಾಗಿ ತಮಾಷೆ ಮಾಡ್ತಾರೆ ಎಂದು ಪಕ್ಕದವರಿಗೆ ಹೇಳಿದ್ದು ಮುಂದಿನ ಸಾಲಿಗೂ ಕೇಳಿಸಿತು. ಮೇಷ್ಟ್ರು ಅವರಿಗೊಂದು, ಅಜ್ಜಿಗೊಂದು ಬಿಟ್ಟು ನೋಡಿದರು. ಒಂದೂ ತಾಗಲಿಲ್ಲ. ನೀರಿಗೆ ಹೊಡೆದ ಕೋಲಿನ ಹಾಗೆ. ಕೊನೆಗೆ ಹಾಡಿನ ಹಾಳೆಗಳನ್ನು ಮುಚ್ಚಿ ಹೊರಗೆ ನಡೆದರು. ಅದಕ್ಕೂ ನಕ್ಕರು.

ತಂಗಿಗೆ ಅವರು ಸಿಕ್ಕಿದ್ದು ಹಾಸಿಗೆ ಕೋಣೆಯಲ್ಲಿ, ಮಡಿಸಿಟ್ಟ ಚಾದರಗಳ ಅಟ್ಟಿಯ ಮೇಲೆ. ದೊಡ್ಡ ಮನುಷ್ಯ ಸಣ್ಣಗಾಗಿ ಕೂತಿದ್ದರು. ಅವಳು ಎದುರಿಗೆ ಒಂದು ದಿಂಬಿನ ಮೂಟೆಯ ಮೇಲೆ ಕೂತಳು.

“ನಾನು ನಿಜವಾಗ್ಲೂ ಬೈದೆ,” ಎಂದರು ಮೇಷ್ಟ್ರು.

“ಗೊತ್ತು ಅಣ್ಣ.”

“ನಗ್ತಾರೆ.”

“ಅವರಿಗೆ ನೀನು ಒಳ್ಳೆಯವನು ಅಂತ ನಂಬಿಕೆ ಬಂದಿದೆ.”

“ಅದು ನಾನಲ್ಲ ಕಣೆ, ನೀನು. ಬೇರೆಯವರ ಕೋಟು ಹಾಕ್ಕೊಂಡು ಓಡಾಡಿದ ಹಾಗಾಗಿದೆ ನಂಗೆ. ಎದುರಿಗೆ ಬಂದೋರೆಲ್ಲ ಕೋಟು ಚೆನ್ನಾಗಿದೆ, ಕೋಟು ಚೆನ್ನಾಗಿದೆ ಅಂತಾರೆ.”

ತಂಗಿಗೆ ನಗು ಬಂದರೂ ತಡೆದುಕೊಂಡಳು. ಅಣ್ಣನ ಕಣ್ಣಲ್ಲಿ ನಿಜಕ್ಕೂ ನೋವಿತ್ತು. ಹಾಡು ಚೆನ್ನಾಗಿ ಬಂತಲ್ಲ, ಯಾರ ಕೋಟಾದರೇನು ಎಂದಳು.

“ಚೆನ್ನಾಗಿ ಬಂತಾ? ಟೆನರ್‌ಗಳು ಆ ಸಾಲಲ್ಲಿ ಮೊದಲ ದಿನದಿಂದ ತಪ್ಪು ಹಾಡ್ತಿದಾರೆ. ಅರ್ಧ ಸ್ವರ ಮೇಲೆ. ಕೆಳಗೆ, ಕೆಳಗೆ ಅಂತ ತೋರಿಸಿ ತೋರಿಸಿ ನನ್ನ ಬೆರಳು ಸವೀತು. ನೀನು ಸೊಗಸಾಗಿದೆ, ಮೆತ್ತಗೆ ಹಾಡಿ ಅಂದೆ. ಅವರು ಆ ತಪ್ಪನ್ನೇ ಮೆತ್ತಗೆ, ಪ್ರೀತಿಯಿಂದ, ಮಗೂಗೆ ಜೋಗುಳ ಹಾಡಿದ ಹಾಗೆ ಹಾಡ್ತಿದಾರೆ. ನಾಳೆ ಜನ ಬರ್ತಾರೆ.”

ತಂಗಿಗೆ ಆಗ ಹೊಳೆಯಿತು. ಹೊಟ್ಟು ತೂರುತ್ತೇನೆ ಎಂದು ಹೊರಟು ಕಾಳನ್ನೇ ತೂರಿದ್ದಳು. ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿ, ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದ. ಹೇಳೋದಕ್ಕೇನಾಗಿತ್ತು ಎಂದಳು.

“ನೀನು ಕೇಳ್ಲಿಲ್ಲ,” ಎಂದ ಗಂಡ.

ಆ ಮೌನದ ಬಂಗಾರವನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದುಕೊಂಡು ತಂಗಿ ಎದ್ದಳು. ಅಣ್ಣನನ್ನೂ ಎಬ್ಬಿಸಿದಳು. ಮೇಷ್ಟ್ರು, ನಾನು ಹೇಳಿದರೆ ನಗುತ್ತಾರೆ ಎಂದು ಕೊಸರಿದರು. ಹೇಳುವವಳು ನಾನು, ನೀನು ಬಂದು ನಿಲ್ಲು ಸಾಕು ಎಂದಳು.

ಕೋಣೆಯಲ್ಲಿ ಜನ ಇನ್ನೂ ಆ ಬೆಕ್ಕಿನ ಮಾತನ್ನೇ ಆಡುತ್ತಿದ್ದರು. ತಂಗಿ ಬೋರ್ಡಿನ ಮುಂದೆ ನಿಂತು, ಟೆನರ್‌ಗಳು ಆ ಸಾಲನ್ನು ಅರ್ಧ ಸ್ವರ ಮೇಲೆ ಹಾಡುತ್ತಿದ್ದಾರೆ ಎಂದು ನೇರವಾಗಿ ಹೇಳಿದಳು. ಅಂಚೆಯವನ ಮುಖ ಇಳಿದುಹೋಯಿತು. ಮೇಷ್ಟ್ರೇ ಸೊಗಸಾಗಿದೆ ಅಂದಿದ್ರಲ್ಲ ಎಂದ.

“ಮೇಷ್ಟ್ರು ಅಂದಿದ್ದಲ್ಲ. ಅದು ನಾನು ಅಂದಿದ್ದು. ಬರೀ ಅದೊಂದೇ ಅಲ್ಲ,” ಎಂದಳು ತಂಗಿ. “ಬಹಳಷ್ಟು ನಾನೇ ಅಂದಿದ್ದು.”

 ಯಾರೋ ಬೆಂಚು ಸರಿಸಿದ ಸದ್ದು. ತಂಗಿ ಸೊಂಟದ ಕೀಲಿಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲರೂ ಈಗಲೇ ಎದ್ದು ಚೀಲ ಕಟ್ಟುತ್ತಾರೆ ಎಂದೇ ಅವಳಿಗೆ ಅನ್ನಿಸಿತು.

ಹಿಂದಿನ ಸಾಲಿನಿಂದ ರೈಲು ಡ್ರೈವರು ಎದ್ದು ನಿಂತರು. “ಹಾಗಾದ್ರೆ ಮೇಷ್ಟ್ರು ನಿಜವಾಗಿ ಏನಂದಿದ್ರು?” ಎಂದು ಕೇಳಿದರು. “ನಮಗೆ ಕತ್ತಲು ಅಂತ ಬರೆದಿದ್ರಲ್ಲ, ಅದೂ ಬೇರೇನಾ?”

ಮೇಷ್ಟ್ರು ತಂಗಿಯ ಮುಖ ನೋಡಿದರು, ನೆಲ ನೋಡಿದರು. “ಕತ್ತೆಗಳು,” ಎಂದರು ಸಣ್ಣಗೆ.

ಡ್ರೈವರು ಅದನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಲವತ್ತು ವರ್ಷ ಇಂಜಿನ್ ಓಡಿಸಿದೀನಿ, ಸಿಗ್ನಲ್ ಒಂದು ಸಲಾನೂ ತಪ್ಪು ಓದಿರಲಿಲ್ಲ ಎಂದು ನಗುತ್ತಾ ನಗುತ್ತಾ ಬೆಂಚಿನ ಮೇಲೆ ಕೂತುಬಿಟ್ಟರು. ಅಲ್ಲಿಂದ ಕಟ್ಟೆಯೊಡೆಯಿತು. ನನಗೇನಂದ್ರಿ, ನನಗೇನಂದ್ರಿ ಎಂದು ಒಬ್ಬೊಬ್ಬರೂ ಕೈಯೆತ್ತಿದರು. ಮೇಷ್ಟ್ರು ಮೊದಲು ಸಂಕೋಚದಿಂದ, ಆಮೇಲೆ ಸ್ವಲ್ಪ ಹುರುಪಿನಿಂದ, ತಮ್ಮ ಸರಕನ್ನೆಲ್ಲ ಬಿಚ್ಚಿಟ್ಟರು: ತುಕ್ಕಿನ ಬಾಗಿಲು, ಕೆಟಲುಗಳು, ಪಕ್ಕದ ಊರಿನ ಹಾಡು. ಬೈಸಿಕೊಂಡವರು ಬಹುಮಾನ ಬಂದ ಹಾಗೆ ಸುತ್ತ ನೋಡಿದರು. ತನಗೆ ಏನೂ ಅಂದಿಲ್ಲ ಎಂದು ತಿಳಿದ ಒಬ್ಬ ಗುಮಾಸ್ತನಿಗೆ ಬೇಸರವೇ ಆಯಿತು. ಅಜ್ಜಿ ಮಾತ್ರ, ಪಕ್ಕದ ಊರೇ ನನ್ನ ತವರು, ಅದಕ್ಕೇ ಇರಬೇಕು ಎಂದು ಸಮಾಧಾನವಾಗಿ ಹೇಳಿದರು.

ಕೈಯೆತ್ತದೆ ಕೂತಿದ್ದವರು ದಂತವೈದ್ಯೆ ಒಬ್ಬರೇ. ಹಾಳೆಯನ್ನು ಮಡಚುತ್ತಾ, ಬಿಚ್ಚುತ್ತಾ ಇದ್ದರು. ಮೇಷ್ಟ್ರ ಕಣ್ಣು ಅವರ ಮೇಲೆ ಬಿತ್ತು.

“ನಿಮಗೆ ಹೇಳಿದ್ದು ನಾನೇ,” ಎಂದರು. “ಅದಕ್ಕೆ ಅವಳು ಉಪ್ಪೂ ಹಾಕಿಲ್ಲ, ಸಕ್ಕರೇನೂ ಹಾಕಿಲ್ಲ.”

ಆಮೇಲೆ ಕೆಲಸಕ್ಕೆ ಕೂತರು. ಬೇರೆ ದನಿಯವರನ್ನೆಲ್ಲ ಚಹಾಕ್ಕೆ ಕಳಿಸಿ, ಟೆನರ್‌ಗಳ ಆ ಒಂದು ಸಾಲನ್ನೇ ಹಿಂಡಿದರು. ತಂಗಿಯ ಗಂಡ ಪಿಯಾನೊದ ಆ ಸತ್ತ ಕರಿ ಮನೆಯನ್ನು ಬಿಟ್ಟು, ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಿ ತೋರಿಸಿದ. ವಾರವಿಡೀ ಪ್ರೀತಿಯಿಂದ ಸಾಕಿದ ತಪ್ಪು ಸುಲಭಕ್ಕೆ ಮನೆ ಬಿಟ್ಟು ಹೋಗಲಿಲ್ಲ. ಮೇಷ್ಟ್ರು ಬೈದರು, ತಂಗಿ ಪಕ್ಕದಲ್ಲಿ ನಿಂತು ಮತ್ತೆ ಹೇಳಿದಳು. ಈ ಸಲ ಅಂಚೆಯವನು ಎರಡನ್ನೂ ಕೇಳಿಸಿಕೊಂಡು, ಎರಡನ್ನೂ ಕೂಡಿಸಿ ನಡುವೆ ಎಲ್ಲೋ ಅರ್ಥ ಮಾಡಿಕೊಳ್ಳುತ್ತಿದ್ದ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಸ್ವರ ಕೆಳಗಿಳಿಯಿತು. ಮೂವರೂ ಬೆವತಿದ್ದರು.

ಮರುದಿನ ಕಛೇರಿಗೆ ಶಿಬಿರಾರ್ಥಿಗಳ ಮನೆಯವರು, ಶಾಲೆಯ ಕಾವಲುಗಾರ, ಅಡಿಗೆಯವರು, ಬೀದಿಯ ಆಚೆಯ ಕೆಲವರು ಬಂದು ಊಟದ ಮನೆಯ ಬೆಂಚುಗಳನ್ನು ತುಂಬಿದರು. ತಂಗಿ ಬಾಗಿಲ ಪಕ್ಕದಲ್ಲಿ ನಿಂತಳು, ತಡವಾಗಿ ಬರುವವರಿಗೆ ಜಾಗ ತೋರಿಸಬೇಕಿತ್ತು. ಹಾಡುಗಳು ಒಂದಾದ ಮೇಲೊಂದು ದಾಟಿದವು. ಕೊನೆಯ ಹಾಡಿನಲ್ಲಿ ಹಿಂದಿನ ಸಾಲು ಕತ್ತಲನ್ನು ಹಾಸಿತು, ಅದರ ಮೇಲೆ ದಂತವೈದ್ಯೆಯ ಸಾಲು ಬಂದು ಹೋಯಿತು. ಅಡಿಗೆಯವರಲ್ಲಿ ಒಬ್ಬರು ಸೌಟನ್ನು ಎದೆಗೊತ್ತಿಕೊಂಡು ಕೇಳುತ್ತಿದ್ದರು.

ಟೆನರ್‌ಗಳ ಸಾಲು ಬಂತು. ಇಬ್ಬರು ಸರಿಯಾಗಿ ಹಾಡಿದರು. ಅಂಚೆಯವನು, ಜನರನ್ನು ನೋಡಿದ ಗಾಬರಿಯಲ್ಲಿ, ಹಳೆಯ ತಪ್ಪನ್ನೇ ಹಿಡಿದ. ಅದೂ ಗಟ್ಟಿಯಾಗಿ. ಎರಡು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡವು. ತಂಗಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅಣ್ಣನ ಬೆನ್ನು ಕಾಣಿಸಿತು, ಬಲಗೈ ಗಾಳಿಯಲ್ಲಿತ್ತು. ಅದು ಮೂಗಿನ ತುದಿಗೆ ಹೋಗುತ್ತದೆ ಎಂದೇ ಅಂದುಕೊಂಡಳು. ಹೋಗಲಿಲ್ಲ. ಮೇಷ್ಟ್ರು ಅಂಚೆಯವನನ್ನೇ ನೋಡುತ್ತಾ ಕೈಯನ್ನು ಮೆಲ್ಲಗೆ, ಮೆಟ್ಟಿಲಿಳಿಯುವ ಮಗುವನ್ನು ಹಿಡಿದುಕೊಂಡ ಹಾಗೆ, ಇಳಿಸಿದರು. ಅಂಚೆಯವನು ಅದರ ಜೊತೆಗೇ ಇಳಿದು ಸರಿಯಾದ ಸ್ವರಕ್ಕೆ ಬಂದು ಕೂತ. ಕೇಳಿದವರಿಗೆ ಹಾಡೇ ಹಾಗಿದೆ ಅನ್ನಿಸಿರಬೇಕು. ಕಾವಲುಗಾರ ಆಮೇಲೆ, ಆ ಒಂದು ಕಡೆ ಎಳೆದು ಇಳಿಸಿದ್ರಲ್ಲ, ಅದು ಬಹಳ ಚೆನ್ನಾಗಿತ್ತು ಎಂದು ಮೇಷ್ಟ್ರಿಗೇ ಹೇಳಿದ. ಮೇಷ್ಟ್ರು ಬಾಯಿ ತೆರೆದು, ಯೋಚಿಸಿ, ಹೌದು ಎಂದರು.

ಸಂಜೆ ಬಸ್ಸು ಬಂತು. ತಂಗಿ ಕೋಣೆ ಕೋಣೆಯ ಬೀಗ ಹಾಕುತ್ತಾ, ಮರೆತ ಹಲ್ಲುಜ್ಜುವ ಬ್ರಶ್ಶು, ಒಂಟಿ ಕಾಲುಚೀಲಗಳನ್ನು ಕೂಗಿ ಕೂಗಿ ವಾರಸುದಾರರಿಗೆ ಒಪ್ಪಿಸುತ್ತಾ ಅಂಗಳಕ್ಕೆ ಬಂದಳು. ಜನ ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಅಂಚೆಯವನು ಮುಂದಿನ ವರ್ಷ ತನ್ನ ಷಡ್ಡಕನನ್ನೂ ಕರೆತರುವುದಾಗಿ ಹೇಳಿದ, ಅವನೂ ಟೆನರ್ ಅಂತೆ, ಆದರೆ ಸಣ್ಣ ಬುದ್ಧಿಯ ಮನುಷ್ಯನಂತೆ. ಟೆನರ್ ಆದರೆ ಸಾಕು, ಮನುಷ್ಯ ಹೇಗಿದ್ದರೂ ನಡೆಯುತ್ತದೆ ಎಂದಳು ತಂಗಿ.

ಕೊನೆಗೆ ರೈಲು ಡ್ರೈವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

“ಮೇಷ್ಟ್ರೇ, ಹೋಗೋ ಮುಂಚೆ ನನಗೊಂದು ಬೈದುಬಿಡಿ. ನನಗೇ ಅಂತ. ಕತ್ತೆ ಅಂದಿದ್ದು ಎಲ್ಲರಿಗೂ ಸೇರಿಸಿ.”

ಮೇಷ್ಟ್ರು ಹುಬ್ಬು ಗಂಟಿಕ್ಕಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಬಾಯಿ ತೆರೆದರು. ಏನೂ ಹೊಳೆಯಲಿಲ್ಲ. “ಹುಷಾರಾಗಿ ಹೋಗಿ ಬನ್ನಿ,” ಎಂದರು.

“ಅಷ್ಟೇನಾ?” ಎಂದು ಡ್ರೈವರು ಪೆಚ್ಚಾಗಿ ಹತ್ತಿ, ಕಿಟಕಿಯ ಪಕ್ಕ ಕೂತರು.

ಬಸ್ಸು ಹೊರಟು ಗೇಟಿನ ಹತ್ತಿರ ತಿರುಗುತ್ತಿದ್ದಾಗ ಮೇಷ್ಟ್ರಿಗೆ ಆ ಬೈಗುಳ ಹೊಳೆಯಿತು. ಪಂಚೆಯಲ್ಲ, ಪ್ಯಾಂಟು ಹಾಕಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಎಡವಿ ಬೀಳುತ್ತಿದ್ದರು, ಹಾಗೆ ಓಡಿದರು. ಕಿಟಕಿಯ ಪಕ್ಕ ಓಡುತ್ತಾ, ಕೈಯೆತ್ತಿ ಏನೋ ಕೂಗಿದರು. ಇಂಜಿನ್ನಿನ ಸದ್ದಿನಲ್ಲಿ ತಂಗಿಗೆ ಒಂದಕ್ಷರವೂ ಕೇಳಿಸಲಿಲ್ಲ. ಬಸ್ಸಿನೊಳಗಿಂದ ಮಾತ್ರ ದೊಡ್ಡ ನಗು ಎದ್ದು, ತಿರುವಿನಾಚೆಗೂ ಕೇಳಿಸುತ್ತಾ ಹೋಯಿತು.

ಮೇಷ್ಟ್ರು ಏದುಸಿರು ಬಿಡುತ್ತಾ, ಮುಖವೆಲ್ಲ ಅರಳಿಸಿಕೊಂಡು ವಾಪಸ್ಸು ಬಂದರು. ಏನಂದೆ ಅಣ್ಣ ಎಂದು ತಂಗಿ ಕೇಳಿದಳು. ಅವರು ಹೇಳಲಿಲ್ಲ. ಬೀಗ ಹಾಕಿದ್ದಾಯಿತಾ, ಚಹಾ ಇದೆಯಾ ಎಂದು ಕೇಳುತ್ತಾ ಒಳಗೆ ಹೋದರು. ಅವಳು ಹಿಂದೆಯೇ ಹೋಗಿ ಇನ್ನೊಂದು ಸಲ ಕೇಳಿದಳು, ಗಂಡನ ಕೈಯಲ್ಲೂ ಕೇಳಿಸಿದಳು. ಊಹೂಂ, ಇವತ್ತಿಗೂ ಹೇಳಿಲ್ಲ.